ಎರಡು ಬೆರಳಿನಷ್ಟು ಜಾಗ

ಹೊಗೆ, ಚೆಂಗಾಲ್ ಮರದ ಹೊಗೆಯೇ ಇದು, ಬೇರೆ ಯಾವ ಮರ ಸುಟ್ಟರೂ ಈ ಒಗರು ಬರುವುದಿಲ್ಲ, ಗಂಟಲ ಹಿಂದೆ ಹೋಗಿ ಕೂತಿತೆಂದರೆ ಎರಡು ದಿನ ಏಳುವುದಿಲ್ಲ — ಕೆಲ್ತೋಮ್ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು, ಹೊಗೆಗೇ ಕಣ್ಣೀರು ಅಂದುಕೊಳ್ಳಲಿ ಬಿಡು, ಹೊಗೆಗೇ ಇರಬಹುದು, ಬೆಂಕಿಯ ಮೇಲೆ ಹಲಗೆ ಉದ್ದಕ್ಕೆ ಮಲಗಿದೆ, ಒಂದು ತುದಿಗೆ ಕಲ್ಲು ಕಟ್ಟಿ ತೂಗಬಿಟ್ಟಿದ್ದಾರೆ, ಬಿಸಿ ಏರಿದಂತೆ ಬಾಗುತ್ತಿದೆ, ಬಾಗುವುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಆ ಕಡೆ ನದಿ ನೋಡಿ ಮತ್ತೆ ಈ ಕಡೆ ತಿರುಗಿದರೆ ಬಾಗಿರುತ್ತದೆ, ಮಕ್ಕಳು ಬೆಳೆಯುವ ಹಾಗೆ. ಇದೊಂದೇ ಹಲಗೆ ಕಣೇ ತೋಮ್, ಅಂದಿದ್ದ ದೆರಾಮನ್ ಬೆಳಿಗ್ಗೆಯೇ, ಇಷ್ಟುದ್ದದ ಚೆಂಗಾಲ್ ಇನ್ನು ಕಾಡಲ್ಲೂ ಇಲ್ಲ ಕನಸಲ್ಲೂ ಇಲ್ಲ, ಇದು ಕೆಟ್ರೆ ದೋಣಿನೇ ಸೌದೆ ಮಾಡ್ಕೊಂಡು ಅನ್ನ ಬೇಯಿಸ್ಕೋಬೇಕು ಅಷ್ಟೇ. ದೆರಾಮನ್ ಅಪ್ಪನ ಕೈಕೆಳಗೆ ಐವತ್ತೈದು ವರ್ಷ ಕೊಡತಿ ಹಿಡಿದವನು, ಅವಳಿಗೆ ಚಿಕ್ಕಪ್ಪನ ವರಸೆ, ಪೊಕ್ ಸು ಅನ್ನುತ್ತಾಳೆ, ಈಗ ಅವನ ಬಾಯಲ್ಲಿ ಹಲ್ಲು ನಾಲ್ಕು, ಮಾತು ಮಾತ್ರ ಒಂದೂ ಉದುರಿಲ್ಲ. ಅಪ್ಪ ಆಚೆ ತೆಂಗಿನ ನೆರಳಲ್ಲಿ ಕುರ್ಚಿಯ ಮೇಲೆ, ಮಡಿಲಲ್ಲಿ ಸತ್ತ ಬಲಗೈ, ಅದರ ಮೇಲೆ ಕಾವಲು ಕೂತಂತೆ ಎಡಗೈ, ಹೋದ ರಂಜಾನಿನಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಬಾಯಿಂದ ಒಂದು ಮಾತಿಲ್ಲ, ಕಣ್ಣು ಮಾತ್ರ ಹಲಗೆಯ ಮೇಲೆ. ಇದು ಅಪ್ಪನ ಕೊನೆಯ ದೋಣಿ, ದುಯೋಂಗ್ ದ್ವೀಪದ ದಡದಲ್ಲೂ ಹೀಗೆ ಕಟ್ಟುವ ಕೊನೆಯ ದೋಣಿಯೇ ಇರಬೇಕು, ಇದು ಸೋರಬಾರದು, ದೇವರೇ, ಬೇರೇನೂ ಕೇಳುವುದಿಲ್ಲ, ಇದೊಂದು ಸೋರಬಾರದು.

ಮಡಿಲಲ್ಲಿ ಗೆಲಾಮ್ ತೊಗಟೆ, ಹಳೇ ಪುಸ್ತಕದ ಹಾಳೆಗಳಂತೆ ಪದರ ಪದರ, ಬೆರಳಿನಿಂದ ಬಿಡಿಸಿದರೆ ಸುಲಿದು ಬರುತ್ತದೆ, ಇದನ್ನು ಹಲಗೆಗೂ ಹಲಗೆಗೂ ನಡುವೆ ಹಾಸಬೇಕು, ಒಣಗಿದ್ದನ್ನೇ ಹಾಸಬೇಕು, ದೋಣಿ ನೀರಿಗಿಳಿದ ಮೇಲೆ ಅದು ನೀರು ಕುಡಿದು ಉಬ್ಬಿ ಸಂದು ಮುಚ್ಚಿಬಿಡುತ್ತದೆ, ಕಬ್ಬಿಣದ ಮೊಳೆ ಒಂದೂ ಇಲ್ಲ, ಮರಕ್ಕೆ ಮರದ್ದೇ ಮೊಳೆ — ತೊಗಟೆ ಮೂಸಿದರೆ ಕರ್ಪೂರಕ್ಕೆ ಹತ್ತಿರದ ವಾಸನೆ, ಅದರ ಜೊತೆಗೇ ಅಮ್ಮನ ನಾಸಿ ದಾಗಾಂಗ್ ವಾಸನೆಯೂ ಬರುತ್ತದೆ, ಅದು ಹೇಗೆ ಬರುತ್ತದೋ, ತೆಂಗಿನ ಹಾಲು ಹಾಕಿ ಮೆಂತ್ಯ ಬೆರೆಸಿ ಹಬೆಯಲ್ಲಿ ಬೆಂದ ಅನ್ನ, ಸೂರೆ ಮೀನಿನ ಸಾರು, ಬಾಳೆ ಎಲೆ ಬಿಚ್ಚಿದರೆ ಹಬೆ ಮುಖಕ್ಕೆ ಹೊಡೆಯುತ್ತಿತ್ತು, ದೋಣಿಯ ಹೊಟ್ಟೆಯೊಳಗೆ ಕೂತು ತಿನ್ನುತ್ತಿದ್ದಳು ಅವಳು, ಇನ್ನೂ ಮೇಲ್ಭಾಗ ಇಲ್ಲದ ದೋಣಿ, ಆಕಾಶವೇ ಮುಚ್ಚಳ. ಎಂಟೊಂಬತ್ತು ವರ್ಷದ ಬೆರಳು ತೊಗಟೆ ಹಾಸುವುದಕ್ಕೆ ಹೇಳಿ ಮಾಡಿಸಿದ್ದು, ದೊಡ್ಡವರ ಬೆರಳು ದಪ್ಪ, ಮಡಿಕೆ ಉಳಿಸುತ್ತದೆ, ಮಡಿಕೆಯಲ್ಲಿ ನೀರು ಮನೆ ಮಾಡ್ಕೊಳತ್ತೆ ತೋಮ್, ಅನ್ನುತ್ತಿದ್ದ ಅಪ್ಪ. ಕಾಗದ ಇರಲಿಲ್ಲ, ನಕ್ಷೆ ಇರಲಿಲ್ಲ, ಗೇಣು ಮತ್ತು ಕಣ್ಣು, ಅಷ್ಟೇ, ಬಿಳಿ ಷರಟಿನವನೊಬ್ಬ ಬಂದು ನಕ್ಷೆ ಎಲ್ಲಿ ಎಂದು ಕೇಳಿದಾಗ ಅಪ್ಪ ಟೋಪಿ ತೆಗೆದು, ಇಲ್ಲಿದೆ ಎಂದು ತಲೆ ತೋರಿಸಿದ್ದ, ದಡವೆಲ್ಲ ನಕ್ಕಿತ್ತು. ಹಲಗೆ ಕೂತ ಮೇಲೆ ಅಪ್ಪ ಕಿವಿಯನ್ನು ಮರಕ್ಕೆ ಹಚ್ಚಿ ಗೆಣ್ಣಿನಿಂದ ಬಡಿಯುತ್ತಿದ್ದ, ಟಕ್, ಒಂದು ಗೇಣು ಸರಿದು ಮತ್ತೆ ಟಕ್, ಹೀಗೆ ಮೂತಿಯಿಂದ ಹಿಂಗಡೆಯವರೆಗೆ, ಆಗ ಯಾರೂ ಮಾತಾಡುವ ಹಾಗಿಲ್ಲ, ಕೆಮ್ಮಿದರೂ ಬೈಗುಳ. ಆ ಒಂದು ದಿನ ಮಾತ್ರ ಬಡಿಯಲಿಲ್ಲ, ಸಂಜೆಯ ಮಗ್ರಿಬ್ ಪ್ರಾರ್ಥನೆಗೆ ಕರೆ ಬಂದಿತ್ತು, ತೋಮ್ ಹಾಸಿದ್ದಲ್ವಾ ಸರಿಯಾಗೇ ಇರತ್ತೆ, ಅಂದುಬಿಟ್ಟ — ಆ ಮಾತು, ಆ ಒಂದು ಮಾತು ಐವತ್ತು ವರ್ಷ ಅವಳನ್ನು ತಿಂದಿದೆ. ಯಾಕೆಂದರೆ ಅವಳು ಸರಿಯಾಗಿ ಹಾಸಿರಲಿಲ್ಲ. ಗಂಟೆ ಕೇಳಿಸಿತ್ತು, ದೋಣಿಕಟ್ಟೆಯ ಹತ್ತಿರ ಐಸ್‌ಕ್ರೀಮಿನವನ ಸೈಕಲ್ ಗಂಟೆ, ಕೆಂಪು ಕಾಳು ಹಾಕಿದ ಐಸು, ಅವನು ಹೋಗಿಬಿಟ್ಟರೆ ಮತ್ತೆ ಶುಕ್ರವಾರವೇ, ಇನ್ನು ಎರಡು ಬೆರಳಿನಷ್ಟು ಜಾಗ ಉಳಿದಿತ್ತು, ಎರಡೇ ಬೆರಳು, ಪಕ್ಕದ ತೊಗಟೆಯನ್ನು ಎಳೆದು ಮೇಲೆ ಮುಚ್ಚಿದಂತೆ ಮಾಡಿ ಓಡಿದಳು. ಐಸು ಸಿಕ್ಕಿತು. ಎಷ್ಟು ಸಿಹಿಯಾಗಿತ್ತು ಎಂಬುದು ಈಗಲೂ ನೆನಪಿದೆ, ಅದೇ ನಾಚಿಕೆ.

ಮೀನುಗಾರರ ದೋಣಿ ಅದು, ಮರಾಂಗ್ ಊರಿನ ಹಾಜಿಯೊಬ್ಬರದ್ದು, ಒಂದು ತಿಂಗಳಿಗೆ ವಾಪಸು ಬಂತು, ದಡಕ್ಕೆ ಎಳೆದರು, ಒಳಗೆ ಮೊಣಕಾಲುದ್ದ ನೀರು, ಹಾಜಿ ಕೂಗಾಡುತ್ತಿದ್ದಾರೆ, ಅಪ್ಪ ಏನೂ ಹೇಳದೆ ಹಲಗೆಗೆ ಕಿವಿ ಹಚ್ಚಿ ಬಡಿಯುತ್ತ ಬಡಿಯುತ್ತ ಬಂದ, ಟಕ್, ಟಕ್, ಒಂದು ಕಡೆ ನಿಂತ, ಅವಳನ್ನು ಕರೆದ, ಬೈಯಲಿಲ್ಲ, ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅವಳ ತೋರುಬೆರಳು ಹಿಡಿದು ಸಂದಿನ ಮೇಲಿಟ್ಟ, ಬೆರಳಿನ ಮೇಲೆ ತನ್ನ ಬೆರಳು ಇಟ್ಟು ಒತ್ತಿದ, ಒಳಗೆ ಟೊಳ್ಳು, ತಣ್ಣಗೆ ನೀರು ಜಿನುಗುತ್ತಿತ್ತು, ಎರಡು ಬೆರಳಿನಷ್ಟು ಜಾಗ. ಆಮೇಲೆ ಎದ್ದು ಹಾಜಿಯ ಕಡೆ ತಿರುಗಿ, ನನ್ನ ಕಣ್ಣು ತಪ್ಪಿತು ಹಾಜಿ, ತಪ್ಪು ನಂದೇ, ಅಂದ. ಅಷ್ಟೇ. ಈ ದ್ವೀಪದಲ್ಲಿ ಅಡ್ಡಹೆಸರು ಇಡಲು ಅರ್ಧ ದಿನ ಸಾಕು, ಅಳಿಸಲು ಒಂದು ಜನ್ಮ ಸಾಲದು, ಒಂದೇ ಒಂದು ಸಲ ಕಾಲು ಜಾರಿ ನದಿಗೆ ಬಿದ್ದ ಮಾಮತ್ ಸಾಯುವ ತನಕ ಮುಳುಗೋ ಮಾಮತ್, ಅವನ ಮಗನೂ ಮುಳುಗೋ ಮಾಮತ್‌ನ ಮಗ. ಅಪ್ಪನ ಹೆಸರು ಎಂಬೊಂಗ್, ದಡದವರಿಗೆಲ್ಲ ಪೊಕ್ ಬೊಂಗ್, ಮಾರನೇ ದಿನಕ್ಕೇ ಸೋರೋ ಎಂಬೊಂಗ್ ಆದ. ಚಹಾದ ಅಂಗಡಿಗೆ ಹೋದರೆ, ಏ ಸೋರೋ ಎಂಬೊಂಗ್‌ಗೆ ತೂತಿಲ್ಲದ ಲೋಟ ನೋಡಿ ಕೊಡ್ರೋ, ಅಪ್ಪನೂ ನಗುತ್ತಿದ್ದ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಮೂರು ವರ್ಷ ಹೊಸ ದೋಣಿಗೆ ಯಾರೂ ಬರಲಿಲ್ಲ, ಬೇರೆಯವರ ದೋಣಿಗೆ ಕೂಲಿಗೆ ಹೋದ. ಮದುವೆಯ ಹಿಂದಿನ ದಿನ ಅವಳ ಕೈಗೆ ಗೋರಂಟಿ ಹಚ್ಚುತ್ತ ಅಮ್ಮ ತಲೆ ಎತ್ತದೆ ಹೇಳಿದ್ದಳು, ನಿನ್ನ ಹೆಸರು ನೆಟ್ಟಗಿದೆ ತೋಮ್, ಅದಕ್ಕೇ ಇಂಥ ಕಡೆಯಿಂದ ಗಂಡು ಬಂತು, ಯಾರು ನೆಟ್ಟಗೆ ಇಟ್ರು ಅನ್ನೋದನ್ನ ಮರೀಬೇಡ, ಇವಳು ಅರ್ಥವಾಗದವಳಂತೆ ಗೋರಂಟಿ ನೋಡುತ್ತ ಕೂತಳು. ಅರ್ಥವಾಗಿತ್ತು. ಅಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತು, ತನಗೆ ಗೊತ್ತು, ಮೂವರೂ ಒಂದೇ ಮಾಡಿನ ಕೆಳಗೆ ಅದನ್ನು ಬಾಯಿಬಿಡದೆ ಬದುಕಿದರು.

ಆಮೇಲೆ ದೂರದ ಜೊಹೋರು, ಪೊಲೀಸ್ ಗಂಡ, ಕ್ವಾರ್ಟರ್ಸಿನ ಹೆಂಗಸರು, ಏ ಕೆಲ್ತೋಮ್, ಮೀನು ತಿಂದೆ ಅನ್ನು, ಇನ್ನೊಂದ್ಸಲ ಅನ್ನು, ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು, ನಮ್ಮ ಮಾತಿನ ಬಾಲವೆಲ್ಲ ಮೂಗಿನೊಳಗೆ ಹೋಗಿ ಮುಗಿಯುತ್ತದೆ, ಅವರಿಗದು ತಮಾಷೆ, ಆರು ತಿಂಗಳಲ್ಲಿ ಬಾಲ ಕತ್ತರಿಸಿಕೊಂಡಳು, ಟೀವಿಯಲ್ಲಿ ಸುದ್ದಿ ಓದುವವಳ ಹಾಗೆ ಮಾತಾಡಲು ಕಲಿತಳು, ಮಕ್ಕಳಿಗೂ ಅದನ್ನೇ ಕಲಿಸಿದಳು, ಬುಡು ಬಾಟಲಿಯನ್ನು ಕಪಾಟಿನ ಹಿಂದೆ ಬಚ್ಚಿಟ್ಟಳು, ಕೊಳೆ ಹಾಕಿದ ಮೀನಿನ ಆ ರಸ ನಾತ ಅನ್ನುತ್ತಾರೆಂದು, ಮಧ್ಯಾಹ್ನ ಎಲ್ಲರೂ ಮಲಗಿದಾಗ ಬಿಸಿ ಅನ್ನಕ್ಕೆ ಸುರಿದುಕೊಂಡು ಹಸಿಮೆಣಸು ಕಚ್ಚಿ ಒಬ್ಬಳೇ ತಿನ್ನುತ್ತಿದ್ದಳು, ಕದ್ದು ತಿಂದಷ್ಟು ರುಚಿ. ಗಂಡ ತೀರಿಕೊಂಡ ಮೇಲೆ, ಅಪ್ಪ ಬಿದ್ದ ಸುದ್ದಿ ಬಂದ ಮೇಲೆ, ವಾಪಸು ಬಂದಳು, ಮೊದಲ ದಿನ ಸಂತೆಯಲ್ಲಿ ಮೀನಿನವಳು ನೆತ್ತಿಯಿಂದ ಕಾಲಿನವರೆಗೆ ನೋಡಿ, ನೀವು ಯಾವೂರೋರು ಅಕ್ಕ, ಕೆ.ಎಲ್. ಪೇಟೆ ಕಡೆಯೋರಾ, ಅಂದಳು, ಕೆಲ್ತೋಮ್‌ಗೆ ಮೀನೂ ಬೇಡವಾಯಿತು. ಮನೆಗೆ ಬಂದು, ಅಪ್ಪಾ, ಊಟ ಮಾಡುತ್ತೀರಾ, ಎಂದರೆ ಅಪ್ಪ ಕಿಟಕಿಯಾಚೆ ನೋಡುತ್ತಲೇ ಇದ್ದ, ಡಾಕ್ಟರು ಕಿವಿ ಸರಿಯಿದೆ ಅಂದಿದ್ದರು, ದೆರಾಮನ್ ಬಾಗಿಲಲ್ಲೇ ನಿಂತು, ಪೊಕ್ ಬೊಂಗ್, ಉಂಡ್ಯಾ, ಅಂದ ಕೂಡಲೇ ಅಪ್ಪನ ತಲೆ ಅವನ ಕಡೆ ತಿರುಗಿತು. ಆ ದಿನ ದೆರಾಮನ್ ಮೇಲೆ ಹೊಟ್ಟೆಕಿಚ್ಚು, ನಾಚಿಕೆ ಬಿಟ್ಟು ಹೇಳುವುದಾದರೆ ಅದೇ.

ಮೋಡ ಕಟ್ಟುತ್ತಿದೆ, ಕಡಲ ಕಡೆಯಿಂದ ಕಪ್ಪಗೆ, ಈಶಾನ್ಯದ ಮಳೆ ಶುರುವಾದರೆ ಮೂರು ತಿಂಗಳು ದಡದಲ್ಲಿ ಕೆಲಸವಿಲ್ಲ, ಒಂದು ಹನಿ ಬಿದ್ದರೂ ತೊಗಟೆ ಈಗಲೇ ಉಬ್ಬಿ ಹಾಳು, ಬಾರೇ ತೋಮ್, ಹಲಗೆ ಹಣ್ಣಾಯ್ತು, ದೆರಾಮನ್ ಕೂಗಿದ, ಕೈಬೀಸಿ ಕರೀಬೇಕೇನೇ ಮಹಾರಾಣೀನ, ಅವನ ಇಬ್ಬರು ಅಳಿಯಂದಿರು ಗೋಣಿ ಸುತ್ತಿದ ಕೈಯಲ್ಲಿ ಹಲಗೆ ಎತ್ತಿ ನಿಂತಿದ್ದಾರೆ, ಆರಿದರೆ ಅದು ಮತ್ತೆ ತನ್ನ ನೇರಕ್ಕೆ ಬಂದುಬಿಡುತ್ತದೆ, ಆಮೇಲೆ ಯಾರ ಮಾತೂ ಕೇಳುವುದಿಲ್ಲ. ಬೇಗ, ಬೇಗ, ಕೆಳಗಿನ ಹಲಗೆಯ ಅಂಚಿನ ಮೇಲೆ ಮರದ ಮೊಳೆಗಳು ಸಾಲಾಗಿ ನಿಂತಿವೆ, ಅವುಗಳ ತಲೆಗೆ ತೊಗಟೆ ಚುಚ್ಚಿ ಕೆಳಗಿಳಿಸಬೇಕು, ಸವರಬೇಕು, ಮಡಿಕೆ ಬರಬಾರದು, ಐವತ್ತೊಂಬತ್ತರ ಬೆರಳು ದಪ್ಪಗಾಗಿಲ್ಲ, ಒಣಗಿ ಕಡ್ಡಿಯಾಗಿದೆ, ಅಷ್ಟರ ಮಟ್ಟಿಗೆ ಪುಣ್ಯ, ಇದೇ ಸಾಲು, ಸರಕು ತುಂಬಿದ ದೋಣಿಯನ್ನು ನೀರು ನೆಕ್ಕುವ ಸಾಲು, ಆ ಸಲವೂ ಇದೇ. ಪಕ್ಕದಲ್ಲೇ ಅಪ್ಪನ ಕುರ್ಚಿ, ದೆರಾಮನ್ ಹೊತ್ತು ತರಿಸಿಟ್ಟಿದ್ದಾನೆ, ಅಪ್ಪನ ಉಸಿರು ಕೇಳುತ್ತದೆ, ಈಗಲ್ಲದಿದ್ದರೆ ಇನ್ನು ಯಾವಾಗ, ಅವಳು ತೊಗಟೆಯಿಂದ ಕಣ್ಣೆತ್ತದೆ ಹೇಳಿದಳು, ಅಪ್ಪಾ, ಆ ದಿನ ಹಾಜಿಯವರ ದೋಣಿಯಲ್ಲಿ ಆದ ತಪ್ಪು ನನ್ನದು, ತಾವು ಕ್ಷಮಿಸಬೇಕು — ಮೂವತ್ತು ವರ್ಷ ಕನ್ನಡಿಯ ಮುಂದೆ ಕಲಿತಿದ್ದ ವಾಕ್ಯ, ಒಂದಕ್ಷರ ತಪ್ಪಲಿಲ್ಲ, ಅಪ್ಪ ನದಿಯನ್ನು ನೋಡುತ್ತಿದ್ದ. ಸುದ್ದಿ ಓದಿದಂತಾಯಿತು. ಹಾಳಾದ ಬಾಯಿ. ಇನ್ನೊಂದು ತೊಗಟೆ, ಚುಚ್ಚು, ಇಳಿಸು, ಸವರು, ಇನ್ನು ಒಂದು ಗೇಣು ಉಳಿದಿದೆ, ಎರಡು ಬೆರಳು ಉಳಿದಿದೆ, ಎಲ್ಲೋ ಸೇತುವೆಯ ಮೇಲೆ ಮೋಟರ್‌ಸೈಕಲ್ಲಿನವನ ಹಾರ್ನು, ಗಂಟೆ ಅಲ್ಲ, ಗಂಟೆ ಈಗ ಯಾರು ಬಾರಿಸುತ್ತಾರೆ, ಆದರೂ ಕಾಲು ಒಂದು ಕ್ಷಣ ಓಡಲು ಸಿದ್ಧವಾಯಿತು, ಕಾಲಿಗೆ ಇನ್ನೂ ಒಂಬತ್ತು ವರ್ಷ, ಆಗ ಬಾಯಿಂದ ತಾನಾಗಿ ಬಂತು, ಕೇಳದೆ ಬಂತು, ಮೂಗಿನೊಳಗೆ ಹೋಗಿ ಮುಗಿಯುವ ಆ ಹಳೇ ಮಾತು, ಅಪ್ಪ, ನಾನೇ ಕಣಪ್ಪಾ ಬಿಟ್ಟಿದ್ದು, ಐಸ್‌ಕ್ರೀಮಿನೋನು ಬಂದಿದ್ದ, ಓಡೋಗ್ಬಿಟ್ಟೆ, ನಿಂಗೆ ಕೆಟ್ಟ ಹೆಸರು ಬಂತು, ನಾನು ಒಂದಿನಾನೂ ಬಾಯಿ ಬಿಡಲಿಲ್ಲ. ಕೊನೆಯ ಎರಡು ಬೆರಳಿನ ಜಾಗಕ್ಕೆ ತೊಗಟೆ ಹಾಸಿದಳು, ಒಂದು ಸಲ ಸವರಿದಳು, ಮತ್ತೊಂದು ಸಲ ಸವರಿದಳು. ಅಪ್ಪನ ತಲೆ ಅವಳ ಕಡೆ ತಿರುಗಿತ್ತು.

ಕೈ ತೆಗಿಯೇ, ಬೆರಳು ಹೋದೀತು, ದೆರಾಮನ್ ಕಿರುಚಿದ, ಹಲಗೆ ಇಳಿಯಿತು, ಮೊಳೆಗಳ ಮೇಲೆ ಕೂತಿತು, ಕೊಡತಿಗಳು ಮೂರು, ಒಂದಾದ ಮೇಲೊಂದು, ಧಂ ಧಂ ಧಂ, ಮೂತಿಯಿಂದ ಹಿಂಗಡೆಗೆ, ಸಣ್ಣವಳಿದ್ದಾಗ ದ್ವೀಪಕ್ಕೆಲ್ಲ ಇದೇ ಸದ್ದು, ಹದಿನೈದು ಕಡೆಯಿಂದ, ಈಗ ಒಂದೇ ಕಡೆಯಿಂದ, ಎದೆಯೊಳಗೆ ಹೊಡೆದಂತೆ, ಸಂದು ಮುಚ್ಚಿತು, ತೊಗಟೆಯ ಅಂಚು ಕೂದಲೆಳೆಯಷ್ಟು ಹೊರಗೆ ಕಂಡಿತು, ಕೊಡತಿ ನಿಂತಿತು. ದೆರಾಮನ್ ಬೆವರೊರೆಸಿಕೊಳ್ಳುತ್ತ ಅಪ್ಪನ ಕಡೆ ನೋಡಿ, ಏನಪ್ಪಾ ಸೋರೋ ಎಂಬೊಂಗ್, ಅಂದವನು ಅಲ್ಲೇ ತಡೆದು, ಪೊಕ್ ಬೊಂಗ್, ನೋಡ್ತೀಯಾ, ಅಂದ, ಅಳಿಯಂದಿರು ಕುರ್ಚಿಯನ್ನು ಹಲಗೆಗೆ ತಾಗಿಸಿ ಇಟ್ಟರು, ಅಪ್ಪ ಕಿವಿಯನ್ನು ಬಿಸಿ ಮರಕ್ಕೆ ಹಚ್ಚಿದ, ಎಡಗೈಯ ಗೆಣ್ಣು ಎತ್ತಿದ, ಟಕ್. ಯಾರೂ ಕೆಮ್ಮಲಿಲ್ಲ. ಕುರ್ಚಿ ಒಂದು ಗೇಣು ಸರಿಯಿತು, ಟಕ್, ಮತ್ತೊಂದು ಗೇಣು, ಟಕ್, ಮೊದಲ ಹನಿ ಅವಳ ಕೆನ್ನೆಗೆ ಬಿತ್ತು, ಬೀಳಲಿ ಈಗ, ಟಕ್, ಅಪ್ಪನ ಕೈ ನಿಂತಿತು, ಅಲ್ಲೇ, ಅವಳು ಕೊನೆಗೆ ಹಾಸಿದ ಜಾಗದಲ್ಲೇ ನಿಂತಿತು, ಮತ್ತೆ ಬಡಿಯಿತು, ಟಕ್, ಅಯ್ಯೋ ಬೇಡ, ಮತ್ತೆ ಬೇಡ, ಎಡಗೈ ಗಾಳಿಯಲ್ಲಿ ತಡವರಿಸಿ ಅವಳ ಕೈ ಹುಡುಕಿತು, ಹಿಡಿಯಿತು, ತೋರುಬೆರಳನ್ನು ಬಿಡಿಸಿಕೊಂಡಿತು, ಸಂದಿನ ಮೇಲಿಟ್ಟಿತು, ಅದರ ಮೇಲೆ ತನ್ನ ಬೆರಳಿಟ್ಟು ಒತ್ತಿತು — ಟೊಳ್ಳಿಲ್ಲ, ತಣ್ಣಗಿಲ್ಲ, ಜಿನುಗುವುದಿಲ್ಲ, ಬೆಚ್ಚಗಿನ ಗಟ್ಟಿ ಮರ, ಅಪ್ಪನ ಕಣ್ಣು ಅವಳ ಮುಖದ ಮೇಲೆ, ಅವಳ ಬೆರಳ ಮೇಲೆ ಅಪ್ಪನ ಬೆರಳು, ಅಲ್ಲಿ ಏನೂ ಇಲ್ಲ, ಅಲ್ಲಿ ಏನೂ ಇಲ್ಲ ಎಂದೇ ತೋರಿಸುತ್ತಿದ್ದಾನೆ, ಮಳೆ ಬರುತ್ತಿದೆ, ದೆರಾಮನ್ ಏನೋ ಕೂಗುತ್ತಿದ್ದಾನೆ, ಅಪ್ಪ ಬೆರಳು ತೆಗೆಯುತ್ತಿಲ್ಲ, ಅವಳೂ ತೆಗೆಯುತ್ತಿಲ್ಲ, ಬೆರಳ ಮೇಲೆ ಬೆರಳು —