ಕುತೂಹಲದಿಂದ

ಬೆಳಗಿನ ಪಾಳಿಗೆ ಹಾಜರಿ ಕೂಗುವಾಗ ಆ ಕಾರ್ಖಾನೆಯ ಗೇಟಿನಲ್ಲಿ ದಿನವೂ ಒಂದು ತಮಾಷೆ ನಡೆಯುತ್ತಿತ್ತು. ಗುತ್ತಿಗೆದಾರನ ಪುಸ್ತಕದಲ್ಲಿ 'ಗಾರ್ಡನ್' ಎಂಬ ತಲೆಬರಹದ ಕೆಳಗೆ ಹದಿನಾಲ್ಕು ಹೆಸರುಗಳಿದ್ದವು. ಹದಿನಾಲ್ವರೂ ಕುಲುಮೆಯ ಮುಂದೆ ನಿಂತು ಗುಜರಿ ಕಬ್ಬಿಣ ಕರಗಿಸುವವರು.

"ಗಾರ್ಡನ್ನೋರು ಬಂದ್ರೇನ್ರಪ್ಪಾ?" ಎಂದು ಪಾಳಿಯ ಮೇಲ್ವಿಚಾರಕ ದೇವರಾಜ್ ಕೇಳಿದರೆ, "ಬಂದ್ವಿ ಸಾ. ಇವತ್ ಮಲ್ಲಿಗೆಗೆ ನೀರ್ ಬುಡದಾ, ಗುಲಾಬಿಗಾ?" ಎಂದು ಶಿವರಾಜು ಕೇಳುತ್ತಿದ್ದ. ಹೊಸಬರು ನಗುತ್ತಿದ್ದರು. ಹಳಬರು ನಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಹಾಸನದ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿದ್ದ ಆ ಕಬ್ಬಿಣದ ಕಂಬಿ ಕಾರ್ಖಾನೆಯ ಆವರಣದಲ್ಲಿ ಹೂವಿನ ಗಿಡ ಒಂದೂ ಇರಲಿಲ್ಲ. ಉತ್ಪಾದನೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಲು ಕಾನೂನಿನ ತೊಡಕಿದೆ. ಗಿಡ ನೋಡಿಕೊಳ್ಳಲು, ಕಸ ಗುಡಿಸಲು ಹಚ್ಚಿದರೆ ಆ ತೊಡಕಿಲ್ಲ. ಹಾಗಾಗಿ ಕುಲುಮೆಯವರೆಲ್ಲ ಕಾಗದದ ಮೇಲೆ ತೋಟದವರಾಗಿದ್ದರು.

ಹೊಳೆನರಸೀಪುರದ ಕಡೆಯ ದೇವರಾಜ್ ಕೂಡ ಹತ್ತು ವರ್ಷಗಳ ಹಿಂದೆ ಅದೇ ಪಟ್ಟಿಗೆ ಸೇರಿದ್ದ. ಕೊರವಂಗಲದ ಶಿವರಾಜು ಅವನಿಗಿಂತ ಎರಡು ವರ್ಷ ಮೊದಲು ಬಂದವನು. ಕರಗಿದ ಕಬ್ಬಿಣದ ಬಣ್ಣ ನೋಡಿ ಹದ ಹೇಳುವುದನ್ನು ದೇವರಾಜನಿಗೆ ಕಲಿಸಿದವನು ಅವನೇ. ಮೇಲ್ವಿಚಾರಕನ ಒಂದೇ ಒಂದು ಕಾಯಂ ಹುದ್ದೆ ಬಂದಾಗ ದೇವರಾಜನ ಸೋದರಮಾವ ನಂಜಪ್ಪ ಗುತ್ತಿಗೆದಾರನಿಗೆ ಒಂದು ಮಾತು ಹೇಳಿದರು. ಗುತ್ತಿಗೆದಾರನೂ ನಂಜಪ್ಪನೂ ಒಂದೇ ಜಾತಿಯವರು, ದೂರದ ನೆಂಟರು. ಶಿವರಾಜುವಿನ ಪರವಾಗಿ ಮಾತು ಹೇಳುವವರು ಯಾರೂ ಇರಲಿಲ್ಲ. ಹುದ್ದೆ ದೇವರಾಜನಿಗೆ ಸಿಕ್ಕಿತು. ಮಾರನೆಯ ದಿನದಿಂದಲೇ ಶಿವರಾಜು ಅವನನ್ನು 'ಸಾ' ಎಂದು ಕರೆಯತೊಡಗಿದ.

ಈ ವರ್ಷ ಜುಲೈ ತಿಂಗಳ ಒಂದು ಮಧ್ಯಾಹ್ನ ಅಪಘಾತವಾಯಿತು. ಎರಡು ದಿನದ ಮಳೆಗೆ ಗುಜರಿ ರಾಶಿ ನೆನೆದಿತ್ತು. ನೆನೆದ ಕಬ್ಬಿಣ ಕುದಿಯುವ ಲೋಹಕ್ಕೆ ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ, ಮೊದಲು ಒಣಗಿಸಬೇಕು. ಒಣಗಿಸಲು ಒಂದೂವರೆ ಗಂಟೆ ಬೇಕಿತ್ತು. ಅಂದಿನ ಗುರಿ ಮುಟ್ಟಲು ಅಷ್ಟು ಹೊತ್ತು ಇರಲಿಲ್ಲ.

"ಸಾ, ಇದು ನೆಂದದೆ. ಬ್ಯಾಡ," ಎಂದಿದ್ದ ಶಿವರಾಜು.

"ಮೇಲ್ಮೇಲೆ ಒಣಗೈತೆ, ಹಾಕಯ್ಯ. ಪಂಚಾಂಗ ನೋಡ್ಕಂಡು ಕೂರಕ್ಕಾಯ್ತದಾ?" ಎಂದಿದ್ದ ದೇವರಾಜ್.

ಶಿವರಾಜು ಹಾಕಿದ. ಗುಜರಿಯಲ್ಲಿದ್ದ, ಒಂದು ಬಾಯಿ ಮುಚ್ಚಿಹೋಗಿದ್ದ ಕೊಳವೆಯೊಳಗೆ ಮಳೆನೀರು ನಿಂತಿತ್ತು. ಸಿಡಿದ ಲೋಹ ಅವನ ಬಲಗೈಯನ್ನು ಮೊಣಕೈವರೆಗೆ ಸುಟ್ಟಿತು. ಎರಡು ಬೆರಳು ಇನ್ನು ಮಡಚಲಾರವು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಮೂರನೆಯ ದಿನ ಆಡಳಿತ ವಿಭಾಗದ ಮ್ಯಾನೇಜರ್ ಅಶೋಕ ಅವರು ದೇವರಾಜನನ್ನು ಕರೆಸಿದರು.

"ನಾನು ಕೆಟ್ಟವನಲ್ಲ ದೇವರಾಜ್. ಆಸ್ಪತ್ರೆ ಕಡೆ ನಾವು ನೋಡ್ಕೋತೀವಿ. ಆದ್ರೆ ಕಂಬಿ ಕೇಳೋರಿಲ್ಲ, ಗೋಡೌನ್ ತುಂಬಿದೆ, ಕರೆಂಟ್ ದರ ಏರಿದೆ. ಆಗಲೇ ಒಂದು ಪಾಳಿ ನಿಲ್ಸಿದೀವಿ. ಗಾರ್ಡನ್ ಲಿಸ್ಟಿನವನು ಫರ್ನೇಸ್ ಮುಂದೆ ಕೆಲಸ ಮಾಡ್ತಿದ್ದ ಅಂತ ಬರೆದ್ರೆ ಬಾಗಿಲು ಹಾಕಿಸ್ತಾರೆ. ಎಂಬತ್ತು ಜನ ಎಲ್ಲಿಗೆ ಹೋಗ್ತಾರೆ? ನೀವು ಎಲ್ಲಿಗೆ ಹೋಗ್ತೀರಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ದೇವರಾಜ್ ಕೂತು ವರದಿ ಬರೆದ: 'ತೋಟದ ಕೆಲಸದ ಶಿವರಾಜು, ಯಾರ ಸೂಚನೆಯೂ ಇಲ್ಲದೆ, ಕುತೂಹಲದಿಂದ ಕುಲುಮೆಯ ಬಳಿಗೆ ಹೋಗಿದ್ದಾಗ...' 'ಕುತೂಹಲದಿಂದ' ಎಂಬ ಪದ ಹೊಳೆದಾಗ ವಾಕ್ಯ ಸರಿಯಾಗಿ ಕೂತಿತೆಂದು ಅವನಿಗೆ ಸಮಾಧಾನವೇ ಆಗಿತ್ತು. ಕೆಲಸದಿಂದಲೇ ಆದ ಗಾಯವೆಂದು ಒಪ್ಪಿದರೆ ಮಾತ್ರ ಶಿವರಾಜುವಿಗೆ ಇಎಸ್‌ಐ ವಿಮೆಯಿಂದ ಬದುಕಿರುವವರೆಗೆ ತಿಂಗಳ ಪರಿಹಾರ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಆಮೇಲೆ ಯೋಚಿಸಿದರಾಯಿತು ಎಂದುಕೊಂಡ.

ವರದಿಗೆ ಗಾಯಾಳುವಿನ ಒಪ್ಪಿಗೆ ಬೇಕಿತ್ತು. ಶಿವರಾಜು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ದೇವರಾಜ್ ಕೊರವಂಗಲಕ್ಕೆ ಹೋದ. ಹತ್ತು ವರ್ಷದ ಒಡನಾಟದಲ್ಲಿ ಶಿವರಾಜುವಿನ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು.

ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದರ ಕೆಳಗೆ ಶಿವರಾಜು ದಿಂಬಿನ ಮೇಲೆ ಕೈಯಿಟ್ಟು ಕೂತಿದ್ದ. ಅವನ ಅಪ್ಪ ಬೈರಯ್ಯ ಎದ್ದು ಕುರ್ಚಿ ಒರೆಸಿದರು. ಶಿವರಾಜುವಿನ ಹೆಂಡತಿ ಧನಲಕ್ಷ್ಮಿ ಅವಸರದಲ್ಲಿ ಹೊರಗೆ ಹೋಗಿ, ಅಂಗಡಿಯಿಂದ ಜ್ಯೂಸಿನ ಬಾಟಲಿ ತಂದಳು.

"ಕುಡೀರಿ ಸಾ. ಸೀಲ್ ಬಿಚ್ಚಿಲ್ಲ," ಎಂದಳು.

ಕಾರ್ಖಾನೆಯಲ್ಲಿ ಅವನೂ ಶಿವರಾಜುವೂ ಒಂದೇ ಜಗ್ಗಿನ ನೀರು ಕುಡಿದವರು. ಅದನ್ನು ಹೇಳಲು, ನೀರೇ ಸಾಕಿತ್ತಮ್ಮ ಎನ್ನಲು ದೇವರಾಜನಿಗೆ ಬಾಯಿ ಬರಲಿಲ್ಲ. ಮುಚ್ಚಳ ತಿರುಗಿಸಿ ಕುಡಿದ.

"ಒಂದು ರುಜು ಬೇಕಾಗಿತ್ತು," ಎಂದು ಕಾಗದ ತೆಗೆದ.

"ರುಜು ಎಲ್ ಆಕನ ಸಾ? ಏಳ್ನೇ ಕ್ಲಾಸ್ ಓದಿದ್ ಗಂಡ್ಸು ಎಡಗೈ ಎಬ್ಬೆಟ್ ಒತ್ತೋ ಅಂಗಾಯ್ತು," ಎಂದು ಶಿವರಾಜು ನಕ್ಕ. "ಓದಿ, ಕೇಳಾನ."

ದೇವರಾಜ್ ಓದಿದ. ಬೈರಯ್ಯ ನಡುವೆ ತಡೆದರು.

"ಕುತೂಹಲ ಅಂದ್ರೇನಪ್ಪಾ?"

"ನೋಡೋ ಆಸೆ ಕಣಪ್ಪ," ಎಂದ ಶಿವರಾಜು. "ಫರ್ನೇಸು ಎಂಗಿರ್ತದೆ ಅಂತ ನೋಡಕ್ ಓಗಿದ್ನಂತೆ."

ಬೈರಯ್ಯ ನಕ್ಕರು. "ಅನ್ನೆರ್ಡ್ ವರ್ಸ ನೋಡಿದ್ದು ಸಾಲ್ದಾಗಿತ್ತೇನ್ಲಾ ನಿಂಗೆ?" ಎಂದರು. ಬೇರೆ ಯಾರೂ ನಗದಿದ್ದಾಗ ತಾವೂ ನಿಲ್ಲಿಸಿದರು.

"ಈ ಮಾತ್ ಬರ್ದೋರ್ ಯಾರು ಸಾ?" ಧನಲಕ್ಷ್ಮಿ ಕೇಳಿದಳು. "ಇವ್ರು ಮನೇಗ್ ಬಂದ್ರೆ ಅಂಗಿ ತುಂಬಾ ಕಿಡಿ ಬಿದ್ದಿರೋ ತೂತು. ನಂಗ್ ಒಲ್ದು ಒಲ್ದು ಸಾಕಾಗೋಗದೆ. ಗಿಡಕ್ ನೀರ್ ಉಯ್ಯೋನ ಅಂಗಿ ಅಂಗಾಯ್ತದಾ? ಬರ್ದೋರು ಒಂದಿನಾನಾರ ಒಳೀಕ್ ಬಂದು ನೋಡವ್ರಾ?"

"ಆಫೀಸಿನೋರು ಕಣಮ್ಮ," ಎಂದ ದೇವರಾಜ್.

ಶಿವರಾಜು ಕಾಗದದ ಕಡೆ ನೋಡಿದ. ಪಾಳಿಯ ಪುಸ್ತಕದಲ್ಲಿ ಆ ಕೈಬರಹವನ್ನು ಅವನು ದಿನವೂ ನೋಡಿದವನು.

"ಓಗ್ಲಿ ಬುಡು ಧನ. ತನ್ನಿ ಸಾ, ಒತ್ಬುಡ್ತೀನಿ. ಫ್ಯಾಕ್ಟ್ರಿ ಮುಚ್ಚುದ್ರೆ ಮಿಕ್ಕ ಅದ್ಮೂರ್ ಜನ ಏನ್ ಮಾಡಾರು?" ಎಂದು ಎಡಗೈ ಚಾಚಿದ. "ನೀವ್ ಭಯ ಬೀಳ್ಬ್ಯಾಡಿ. ನೀವ್ ಆಕು ಅಂದಿದ್ನ ನಾನ್ ಯಾರ್ಗೂ ಯೋಳಿಲ್ಲ. ಮನೇಲೂ ಯೋಳಿಲ್ಲ."

ಹೇಳಿದ ಮೇಲೆ, ಮನೆಯವರು ಎದುರಿಗೇ ಇದ್ದಾರೆಂಬುದು ಅವನಿಗೆ ಹೊಳೆಯಿತು. ಧನಲಕ್ಷ್ಮಿ ದೇವರಾಜನ ಮುಖ ನೋಡಿದಳು. ಅವಳು ಗಂಡನ ಪಕ್ಕ ಹೋಗಿ ಕೂತು, ಜಾರಿದ ದಿಂಬನ್ನು ಸರಿಮಾಡಿದಳು.

"ಇಂಕ್ ಪ್ಯಾಡ್ ಮರೆತು ಬಂದೆ," ಎಂದ ದೇವರಾಜ್. ಪ್ಯಾಡು ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಮನೆಗೆ ಹೋದ ಮೇಲೆ ಮಗಳು ಅನುಶ್ರೀ, "ಶಿವರಾಜಣ್ಣ ಹೆಂಗವ್ರಪ್ಪಾ?" ಎಂದು ಕೇಳಿದಳು. "ಚೆನ್ನಾಗವ್ನೆ," ಎಂದವನು ಊಟಕ್ಕೆ ಕೂತ. ಅಂದು ಅವನು ಹೇಳಿದ ಸುಳ್ಳುಗಳಲ್ಲಿ ಅದು ಮೂರನೆಯದು.

ಬುಧವಾರ ಬೆಳಿಗ್ಗೆ ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಪ್ರೇಮಕುಮಾರಿ ಬಂದರು. ಕುಲುಮೆ ನೋಡಿದರು, ಗುಜರಿ ರಾಶಿ ನೋಡಿದರು, ಆವರಣವನ್ನು ಒಂದು ಸುತ್ತು ಹಾಕಿದರು. ಬಳಿಕ ಅಶೋಕರ ಕೋಣೆಯಲ್ಲಿ ಕೂತು ದೇವರಾಜನನ್ನು ಕರೆಸಿದರು. ಗಾಯಾಳುವಿನ ಒಪ್ಪಿಗೆ ನಾಳೆ ಬರುತ್ತದೆ ಎಂದು ಅಶೋಕ ವಿವರಿಸುತ್ತಿದ್ದರು.

"ಒಪ್ಪಿಗೆ ಬರಲ್ಲ ಸಾರ್. ನಾನು ಹೆಬ್ಬೆಟ್ಟು ಹಾಕಿಸ್ಕೊಂಡಿಲ್ಲ," ಎಂದ ದೇವರಾಜ್.

ಅಶೋಕ ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದರು. "ದೇವರಾಜ್, ಯೋಚನೆ ಮಾಡಿ ಮಾತಾಡಿ," ಎಂದರು. ಅದರಲ್ಲಿ ಬೆದರಿಕೆಗಿಂತ ದಣಿವೇ ಹೆಚ್ಚಿತ್ತು.

ಇನ್‌ಸ್ಪೆಕ್ಟರ್ ಹಾಳೆ ತಿರುಗಿಸಿದರು. "ಘಟನೆ ಆದಾಗ ನೀವಲ್ಲೇ ಇದ್ರಿ ಅಲ್ವಾ? ಸಾಕ್ಷಿ ಅಂತ ಬರ್ಕೋತೀನಿ. ಹೆಸರು ಹೇಳಿ."

ದೇವರಾಜ್ ಹೆಸರು ಹೇಳಿದ. ಅವರು ಬರೆಯುವವರೆಗೆ ನಿಂತಿದ್ದ.

"ಸಾಕ್ಷಿ ಅಂತ ಬ್ಯಾಡ ಮೇಡಂ," ಎಂದ. "ಹನ್ನೆರಡು ವರ್ಷದಿಂದ ಅವನು ಫರ್ನೇಸ್ ಕೆಲಸದವನು. ಅವತ್ತು ಗುಜರಿ ನೆಂದಿತ್ತು. ಬ್ಯಾಡ ಅಂದೋನು ಅವನು. ಹಾಕು ಅಂದೋನು ನಾನು."

ಪ್ರೇಮಕುಮಾರಿ ತಲೆಯೆತ್ತಿ ಅವನನ್ನು ನೋಡಿದರು. ಬರೆದ ಪದವನ್ನು ಹೊಡೆದುಹಾಕಿ, "ಕೂತ್ಕೊಳ್ಳಿ. ಮೊದಲಿಂದ ಹೇಳಿ," ಎಂದರು.

ದೇವರಾಜ್ ಕೂರಲಿಲ್ಲ. ನಿಂತೇ ಹೇಳಿದ.