ಮೊದಲ ಸಾಲಿಗೆ ಎಳೆದ ಮಾತು

ಕಬ್ಬಿಣದ ಗಣಿಯನ್ನು ನಂಬಿ ಬದುಕುವ ಆ ಊರಿನ ಹೈಸ್ಕೂಲಿನಲ್ಲಿ ಮಾರ್ಜರಿ ಲಾಹ್ಟಿ ಇಂಗ್ಲಿಷ್ ಕಲಿಸಲು ಶುರುಮಾಡಿ ಮೂವತ್ತು ವರ್ಷ ದಾಟಿತ್ತು. ದೊಡ್ಡ ಕಾಲೇಜು ಸೇರಬೇಕೆಂದರೆ ಅಂಕಗಳ ಜೊತೆಗೆ ತಮ್ಮ ಬಗ್ಗೆ ತಾವೇ ಒಂದು ಪ್ರಬಂಧ ಬರೆದು ಕಳಿಸಬೇಕು. ಅದನ್ನು ತಿದ್ದಿ ತೀಡಿ ಕೊಡುವುದರಲ್ಲಿ ಮಾರ್ಜರಿಯದು ಎತ್ತಿದ ಕೈ. "ಲಾಹ್ಟಿ ಟೀಚರ್ ಕೈಯಾಡಿಸಿದ್ರೆ ಕಲ್ಲೂ ಕಣ್ಣೀರು ಹಾಕತ್ತೆ" ಎಂದು ಹುಡುಗರು ನಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆ.

ಆ ಅಕ್ಟೋಬರಿನಲ್ಲಿ ಸಿಗ್ನಿ ಕಂಗಾಸ್ ತನ್ನ ಪ್ರಬಂಧ ತಂದಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಜಿಪುಣಿ. ಶನಿವಾರ ಸಂಜೆ ಮನೆಮಂದಿ ಬಿಸಿ ಹಬೆಯ ಸ್ನಾನ ಮಾಡುವ ಸೌನಾದ ಒಲೆಗೆ ಅಪ್ಪನ ಜೊತೆ ಸೌದೆ ಒಡೆಯುವುದರ ಬಗ್ಗೆ ಬರೆದಿದ್ದಳು.

"ಚೆನ್ನಾಗಿದೆ ಕಣೆ. ಆದ್ರೆ ಸಪ್ಪೆ."

"ನಂಗೆ ಸೌದೆ ಒಡೆಯೋದು ಇಷ್ಟ, ಮಿಸೆಸ್ ಲಾಹ್ಟಿ."

"ಇಷ್ಟ ನೋಡಿ ಯಾರೂ ಸೀಟು ಕೊಡಲ್ಲಮ್ಮ. ಅಲ್ಲಿ ಕೂತವ್ರು ದಿನವಿಡೀ ಇಂಥವೇ ಓದ್ತಿರ್ತಾರೆ. ಎಲ್ಲಿ ನೋಯತ್ತೋ ಅಲ್ಲಿಂದ ಬರಿ." ಸ್ವಲ್ಪ ತಡೆದು ದನಿ ತಗ್ಗಿಸಿದಳು. "ಕಾಲ್ವಿನ್ ಬಗ್ಗೆ ಬರೀಬಹುದಲ್ವಾ?"

ಸಿಗ್ನಿ ಕಿಟಕಿಯಾಚೆ ನೋಡಿದಳು. ಅವಳ ತಮ್ಮ ಕಾಲ್ವಿನ್ ಎರಡು ಚಳಿಗಾಲದ ಹಿಂದೆ, ಹೆಪ್ಪುಗಟ್ಟಿದ ಸರೋವರದ ಮೇಲೆ ಹಿಮದಲ್ಲಿ ಓಡುವ ಸ್ನೋಮೊಬೈಲ್ ಗಾಡಿ ಓಡಿಸಿಕೊಂಡು ಹೋದವನು, ಮಂಜುಗಡ್ಡೆ ಒಡೆದು ಮುಳುಗಿದ್ದ. ಮನೆಯವರ ಕಣ್ಣು ತಪ್ಪಿಸಿ ಕೀಲಿ ಎತ್ತಿಕೊಂಡು ಹೋದನೆಂದೇ ಊರೆಲ್ಲ ನಂಬಿತ್ತು.

ವಾರ ಕಳೆದು ಸಿಗ್ನಿ ಹೊಸದನ್ನು ತಂದಳು. ಓದುತ್ತಾ ಹೋದ ಮಾರ್ಜರಿ, ಮೂರನೆಯ ಪುಟದ ನಡುವೆ, ತಮ್ಮನ ಬೂಟು, ಕೈಗವಸುಗಳ ವರ್ಣನೆಯ ಮರೆಯಲ್ಲಿ ಅಡಗಿ ಕೂತಂತಿದ್ದ ಒಂದು ಸಾಲಿನ ಹತ್ತಿರ ನಿಂತುಬಿಟ್ಟಳು. 'ಮಂಜು ಗಟ್ಟಿಯಾಗಿದೆ, ಹೋಗು ಎಂದವರು ಅಪ್ಪ.'

"ಇದು ನಿಜಾನಾ?"

"ಮೆಟ್ಟಿಲ ಮೇಲೆ ಕೂತಿದ್ದೆ. ಕೇಳಿಸ್ತು."

"ಮನೇಲಿ ಗೊತ್ತಾ?"

"ನಂಗೆ ಗೊತ್ತು ಅನ್ನೋದು ಅಪ್ಪಂಗೆ ಗೊತ್ತಿಲ್ಲ. ಅಮ್ಮಂಗೆ ಏನೂ ಗೊತ್ತಿಲ್ಲ."

ಅಲ್ಲಿಗೇ ಕಾಗದ ಮಡಚಿ ಅವಳ ಕೈಗಿಟ್ಟು, 'ಇದನ್ನು ಮೊದಲು ಮನೆಯಲ್ಲಿ ಮಾತಾಡು ಮಗಳೇ' ಎನ್ನಬೇಕಿತ್ತು. ಆ ಮಾತು ಮಾರ್ಜರಿಯ ಗಂಟಲವರೆಗೂ ಬಂದಿತ್ತು. ಆದರೆ ಕೈ ಆಗಲೇ ಕೆಂಪು ಪೆನ್ನು ಹಿಡಿದಿತ್ತು.

"ಹೆದರ್ಬೇಡ. ದೂರದೂರಲ್ಲಿ ನಾಲ್ಕು ಜನ ಓದ್ತಾರೆ, ಮಡಚಿಡ್ತಾರೆ. ಇಲ್ಲಿಗೆ ಯಾಕೆ ಬರತ್ತೆ?" ಎನ್ನುತ್ತಲೇ ಆ ಸಾಲಿನ ಸುತ್ತ ಗೆರೆ ಹಾಕಿ, ಅಲ್ಲಿಂದ ಮೊದಲ ಪುಟದ ನೆತ್ತಿಗೆ ಒಂದು ಬಾಣ ಎಳೆದಳು. "ಇದರಿಂದ ಶುರುವಾಗ್ಬೇಕು. ಓದಿದವ್ರು ಮುಗಿಸದೆ ಕೆಳಗಿಡಬಾರ್ದು."

ಸಿಗ್ನಿ ಆ ಬಾಣವನ್ನೇ ನೋಡುತ್ತ ಕೂತಳು. ಕೊನೆಗೆ, "ಸರಿ" ಎಂದಳು.

ಮಾರ್ಚಿನಲ್ಲಿ ಕಾಲೇಜಿನಿಂದ ದಪ್ಪ ಲಕೋಟೆ ಬಂತು. ಸೀಟು ಸಿಕ್ಕಿತ್ತು. ಊರಿಗೆ ಸುದ್ದಿ ಹಬ್ಬಿ, ಪ್ರಿನ್ಸಿಪಾಲರು ಮಾರ್ಜರಿಯ ಕೈ ಕುಲುಕಿದರು. ಆದರೆ ಸಿಗ್ನಿ ಮಾತ್ರ ಶಾಲೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮಾರ್ಜರಿ ಏಲಕ್ಕಿ ಹಾಕಿದ ಬ್ರೆಡ್ಡು ಬೇಯಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದಳು.

ಸಿಗ್ನಿಯ ಅಪ್ಪ ಡ್ವೇನ್ ಅಂಗಳದ ಹಿಮ ಸರಿಸುತ್ತಿದ್ದ. ಸರಿಸಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಒಂದು ಕಾಲಕ್ಕೆ ಅವನೂ ಅವಳ ವಿದ್ಯಾರ್ಥಿಯೇ. ಹಿಂದಿನ ಬೆಂಚಿನಲ್ಲಿ ಕೂತು ಸ್ಪೆಲಿಂಗ್ ತಪ್ಪು ಬರೆಯುತ್ತಿದ್ದ ಹುಡುಗ.

"ಕಾರ್ಲಾ ಇಲ್ಲ, ಮಿಸೆಸ್ ಲಾಹ್ಟಿ" ಎಂದ ಹೆಂಡತಿಯ ಬಗ್ಗೆ, ತಲೆಯೆತ್ತದೆ. "ತಂಗಿ ಮನೆಗೆ ಹೋದ್ಲು. ಬಟ್ಟೆಬರೆ ಎಲ್ಲಾ ತಗೊಂಡು."

"ಯಾಕೆ ಡ್ವೇನ್, ಏನಾಯ್ತು?"

"ಸೀಟು ಕೊಟ್ಟವ್ರು ಕಾಗದದ ಅಡೀಲಿ ಕೈಯಿಂದ ಎರಡು ಸಾಲು ಬರೆದಿದ್ರು. 'ನಿನ್ನ ತಂದೆ ಮತ್ತೆ ತಮ್ಮನ ಬಗ್ಗೆ ಓದಿ ನಾವೆಲ್ಲ ಅತ್ತೆವು' ಅಂತ. ಕೇಕ್ ಕತ್ತರಿಸ್ತಿದ್ವಿ. ಕಾರ್ಲಾನೇ ಗಟ್ಟಿಯಾಗಿ ಓದಿದ್ಲು. ಆಮೇಲೆ, 'ಏನು ಬರೆದೆ, ತೋರ್ಸು' ಅಂದ್ಲು."

ಮಾರ್ಜರಿಯ ಕೈಯಲ್ಲಿದ್ದ ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ತಪ್ಪು ನಂದು. ಬರಿ ಅಂದಿದ್ದು ನಾನು."

"ಬರೆದಿದ್ದು ಸುಳ್ಳಲ್ವಲ್ಲ" ಎಂದ ಡ್ವೇನ್. "ನಾನೇ ಹೋಗು ಅಂದಿದ್ದು. ಹಿಂದಿನ ದಿನ ಆ ಮಂಜುಗಡ್ಡೆ ಮೇಲೇ ನಾನು ಟ್ರಕ್ ಓಡ್ಸಿದ್ದೆ. ಮಗಳು ಎರಡು ವರ್ಷ ಇದನ್ನ ನುಂಗ್ಕೊಂಡು ಊಟದ ಹೊತ್ತಲ್ಲಿ ನಂಗೆ ಉಪ್ಪು ಎತ್ತಿ ಕೊಡ್ತಿದ್ಲು, ಗುಡ್‌ನೈಟ್ ಹೇಳ್ತಿದ್ಲು. ಅದು ಗೊತ್ತಿರ್ಲಿಲ್ಲ ನೋಡಿ." ಸಲಿಕೆ ಗೋಡೆಗೆ ಒರಗಿಸಿ ಕೊಟ್ಟಿಗೆಯ ಕಡೆ ನಡೆದುಬಿಟ್ಟ.

ಸಿಗ್ನಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು.

"ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳೋಣ ಅನ್ಕೊಂಡೆ. ಆದ್ರೆ ಇದೆ" ಎಂದಳು. "ನಾನು ಅದನ್ನ ಮಧ್ಯದಲ್ಲಿ ಇಟ್ಟಿದ್ದೆ. ಕೈಗವಸಿನ ಪಕ್ಕ. ಅಲ್ಲಿದ್ರೆ ಅದು ಅಪ್ಪ ಹೇಳಿದ ಒಂದು ಮಾತು ಅಷ್ಟೆ, ಯಾವ ಅಪ್ಪ ಆದ್ರೂ ಹೇಳೋ ಮಾತು. ನೀವು ಎಳೆದು ತಂದು ಎಲ್ಲಕ್ಕಿಂತ ಮೇಲೆ ಕೂರಿಸಿದ್ರಿ. ಅಮ್ಮ ಆ ಸಾಲು ಓದಿದವ್ಳು ಮುಂದೆ ಓದ್ಲೇ ಇಲ್ಲ. ತಮ್ಮನ್ನ ಎತ್ತೋಕೆ ಅಪ್ಪ ಮೂರು ಸಲ ನೀರಿಗೆ ಹಾರಿದ್ದು ಅದರ ಕೆಳಗಿತ್ತು."

ಓದಿದವರು ಕೆಳಗಿಡಬಾರದು ಎಂದಿದ್ದಳು ಮಾರ್ಜರಿ. ಆ ತಾಯಿ ಕೆಳಗಿಟ್ಟಿದ್ದಳು. ಬ್ರೆಡ್ಡಿನ ಗಂಟನ್ನು ಜಗಲಿಯ ಮೇಲಿಟ್ಟು ಹಿಂತಿರುಗಿದಳು.

ಅಂದಿನಿಂದ ತರಗತಿಯಲ್ಲಿ ಕೆಂಪು ಪೆನ್ನು ಎತ್ತಿಕೊಂಡು ಹಾಗೇ ಕೆಳಗಿಡುತ್ತಿದ್ದಳು. ತಿದ್ದದೆ ಉಳಿದ ಕಾಗದಗಳು ಮೇಜಿನ ಮೇಲೆ ರಾಶಿ ಬಿದ್ದವು. ಚರ್ಚಿನಲ್ಲಿ ಡ್ವೇನ್ ಒಬ್ಬನೇ ಕೂತಿದ್ದನ್ನು ಕಂಡು, ಪ್ರಾರ್ಥನೆ ಮುಗಿಯುವ ಮುನ್ನವೇ ಎದ್ದು ಬಂದಳು.

ಏಪ್ರಿಲ್ ಕೊನೆಗೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಕಾರ್ಲಾ ತರಗತಿಯ ಬಾಗಿಲಿಗೆ ಬಂದಳು. ಕೋಟು ಬಿಚ್ಚದೆ ಮುಂದಿನ ಬೆಂಚಿನಲ್ಲಿ ಕೂತಳು.

"ಕಾರ್ಲಾ, ನಾನು..." ಎಂದು ಮಾರ್ಜರಿ ತೊದಲಿದಳು. "ನಿನ್ನ ಹತ್ರ ಹೇಗೆ ಕ್ಷಮೆ ಕೇಳ್ಲಿ—"

"ಕೇಳ್ಬೇಡಿ. ಕೊಡೋಕೆ ನನ್ನ ಹತ್ರ ಇಲ್ಲ." ಕೈಚೀಲದ ಹಿಡಿಯನ್ನು ತಿರುಚುತ್ತ ಮುಂದುವರಿಸಿದಳು. "ಎರಡು ವರ್ಷ ನಾನು ನನ್ನ ಮಗನ ಗೋರಿ ಮುಂದೆ ನಿಂತು ಅವನನ್ನ ಬೈದಿದ್ದೀನಿ. ಕಳ್ಳ, ಹೇಳದೇ ಕೇಳದೇ ಹೋದ್ಯಲ್ಲೋ ಅಂತ. ಪಾಪದ ಕೂಸು, ಕೇಳ್ಕೊಂಡೇ ಹೋಗಿದ್ದ. ಅವ್ನು ಒಳ್ಳೇ ಹುಡುಗ್ನೇ ಆಗಿದ್ದ."

ಇಬ್ಬರೂ ಸ್ವಲ್ಪ ಹೊತ್ತು ಅತ್ತರು, ಒಬ್ಬರನ್ನೊಬ್ಬರು ಮುಟ್ಟದೆ.

"ಅದು ಗೊತ್ತಾಗಿದ್ದು ಒಳ್ಳೇದಾಯ್ತು" ಎಂದಳು ಕಾರ್ಲಾ ಏಳುತ್ತ. "ಆದ್ರೆ ನನ್ನ ಮಗಳು ಅದನ್ನ ನನ್ನ ಮಡಿಲಲ್ಲಿ ತಲೆಯಿಟ್ಟು ಹೇಳ್ಬೇಕಿತ್ತು. ಆ ಕಾಲೇಜಿನವ್ರಿಗೆಲ್ಲ ಹೇಳಿದ ಮೇಲೆ ಅಲ್ಲ. ಅದನ್ನ ನೀವು ಕಿತ್ಕೊಂಡ್ರಿ, ಮಾರ್ಜರಿ."

"ಹೌದು" ಎಂದಳು ಮಾರ್ಜರಿ.

ಮೇ ತಿಂಗಳಲ್ಲಿ ಕಾರ್ಲಾ ಮನೆಗೆ ಮರಳಿದಳು. ಗಂಡ ಹೆಂಡತಿ ಏನು ಮಾತಾಡಿಕೊಂಡರೋ ಊರಿಗೆ ತಿಳಿಯಲಿಲ್ಲ. ಮಾರ್ಜರಿ ಕೇಳಲೂ ಹೋಗಲಿಲ್ಲ. ಸಿಗ್ನಿ ಸೀಟು ಬಿಡಲಿಲ್ಲ. "ಇಷ್ಟೆಲ್ಲ ಆದ್ಮೇಲೆ ಬಿಟ್ರೆ ಅದೂ ದಂಡ" ಎಂದಳಂತೆ.

ಜೂನಿನಲ್ಲಿ ಶಾಲೆ ಮುಗಿಸಿದ ಮಕ್ಕಳ ಸಮಾರಂಭ. ನಿಲುವಂಗಿ ತೊಟ್ಟ ಸಿಗ್ನಿ ಅಂಗಳದಲ್ಲಿ ಅಪ್ಪ ಅಮ್ಮನ ನಡುವೆ ನಿಂತಿದ್ದಳು. ಫೋಟೋ ತೆಗೆಯಲು ಬೇರೆ ಯಾರೂ ಹತ್ತಿರ ಇರಲಿಲ್ಲ. ಡ್ವೇನ್ ಫೋನನ್ನು ಮಾರ್ಜರಿಯ ಕಡೆ ಚಾಚಿದ. ಕಾರ್ಲಾ ಬೇಡ ಎನ್ನಲಿಲ್ಲ.

ಚಿಕ್ಕ ಪರದೆಯಲ್ಲಿ ಮೂವರೂ ಕಂಡರು. ಡ್ವೇನ್ ಒಂದು ಹೆಜ್ಜೆ ದೂರ, ಮುಖದ ಅರ್ಧ ನೆರಳಲ್ಲಿ. 'ಸ್ವಲ್ಪ ಹತ್ತಿರ ಬಾರಪ್ಪ, ನಗು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮಾರ್ಜರಿ ಬಾಯಿ ಮುಚ್ಚಿಕೊಂಡು, ಅವರು ನಿಂತಂತೆಯೇ ಫೋಟೋ ತೆಗೆದು ಫೋನನ್ನು ಹಿಂದಿರುಗಿಸಿದಳು.