ಒಂಟಿ ಗೂಬೆಯ ಕಾಡು

ಅಮೆರಿಕದ ಓರೆಗಾನಿನ ಆ ಕಣಿವೆಯಲ್ಲಿ ಎಪ್ಪತ್ತು ಎಕರೆ ಹಳೆಯ ಕಾಡಿನ ಹಣೆಬರಹ ಒಂದು ಚುಕ್ಕೆಗೂಬೆಯ ಸಂಸಾರದ ಮೇಲೆ ನಿಂತಿತ್ತು. ಜೋಡಿಯಿದ್ದರೆ ಮರಕ್ಕೆ ಗರಗಸ ತಾಗಿಸುವಂತಿಲ್ಲ, ಒಂಟಿಯಾದರೆ ಕಡಿಯಬಹುದು. ಒಂಟಿ ಜೀವಕ್ಕೂ ಮನೆ ಬೇಕೆಂಬುದು ನಿಯಮ ಬರೆದವರಿಗೆ ಹೊಳೆದಂತಿಲ್ಲ. ಎರಡು ವರ್ಷದಿಂದ ಹೆಣ್ಣುಗೂಬೆಯ ಸುಳಿವಿರಲಿಲ್ಲ. ಇವತ್ತಿನದು ಕೊನೆಯ ತಪಾಸಣೆ.

ತಪಾಸಣೆಗೆ ಬಂದವಳು ವರ್ನಾ ಟಾಲಿವರ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಗಂಡ ಓರಿನ್ ಬದುಕಿದ್ದಾಗ ಇಬ್ಬರೂ ಕೂಡಿ ಬರುತ್ತಿದ್ದರು. ಗೂಬೆಯನ್ನು ಕರೆಯಲು ಅವನು ಗಂಡಿನ ಕೂಗು ಹಾಕಿದರೆ, ಇವಳು ಹೆಣ್ಣಿನ ಸಿಳ್ಳೆ ಹಾಕುತ್ತಿದ್ದಳು. ಅವನು ತೀರಿಕೊಂಡು ಮೂರು ವರ್ಷವಾಯಿತು. ಈಗ ಎರಡೂ ಕೂಗು ಅವಳದೇ. ಕಾಡಿನಲ್ಲಿ ಇಷ್ಟು ಕೂಗುವವಳು ಮನೆಯಲ್ಲಿ ದಿನಗಟ್ಟಲೆ ತುಟಿ ಬಿಚ್ಚುತ್ತಿರಲಿಲ್ಲ. ಯಾರ ಹತ್ತಿರ ಮಾತಾಡಬೇಕು?

ಮಧ್ಯಾಹ್ನ ಅವಳ ಕೂಗಿಗೆ ಗಂಡುಗೂಬೆ ಬಂದು ಕೊಂಬೆಯ ಮೇಲೆ ಕೂತಿತು. ವರ್ನಾ ಡಬ್ಬಿಯಿಂದ ಬಿಳಿ ಇಲಿಯೊಂದನ್ನು ತೆಗೆದು ಕೋಲಿನ ತುದಿಗಿಟ್ಟು ಚಾಚಿದಳು. ಪರೀಕ್ಷೆ ಇಷ್ಟೇ: ತಾನೇ ತಿಂದರೆ ಒಂಟಿ, ಹೊತ್ತೊಯ್ದರೆ ಗೂಡಿನಲ್ಲಿ ಯಾರೋ ಇದ್ದಾರೆ. ಗೂಬೆ ಇಲಿಯನ್ನು ಎತ್ತಿಕೊಂಡಿತು, ತಿನ್ನದೆ ಹಾರಿತು.

ವರ್ನಾ ಜರಿಗಿಡಗಳಲ್ಲಿ ಎಡವುತ್ತಾ ಹಿಂದೆಯೇ ಓಡಿದಳು. ನೂರು ಹೆಜ್ಜೆಯಾಚೆ ಅದು ಕಣ್ಮರೆಯಾಯಿತು. ಹೆಣ್ಣು ಎಲ್ಲಿದ್ದರೂ ಓಗೊಡಲಿ ಎಂದು ಸಿಳ್ಳೆ ಹಾಕಿದಳು. ಯಾವ ಹೆಣ್ಣೂ ಓಗೊಡಲಿಲ್ಲ. ಗಂಡು ಮಾತ್ರ ಸದ್ದಿಲ್ಲದೆ ವಾಪಸು ಬಂದು ಅವಳ ತಲೆಯ ಮೇಲಿನ ಕೊಂಬೆಗಿಳಿಯಿತು, ಇಲಿಯನ್ನು ಅಲ್ಲಿಟ್ಟು, ಸ್ವಲ್ಪ ಸರಿದು, ಅವಳನ್ನೇ ನೋಡುತ್ತಾ ಕಾದು ಕೂತಿತು.

ಆಗ ಅವಳಿಗೆ ಅರ್ಥವಾಯಿತು. ಎರಡು ವರ್ಷ ಸಿಳ್ಳೆ ಹಾಕಿ ಆ ಬಡಪಾಯಿಗೆ ಹೆಂಡತಿ ಬದುಕಿದ್ದಾಳೆಂದು ನಂಬಿಸಿದವಳು ತಾನೇ. ಅಳು ಬಂತು. ಅತ್ತಳು, ನೋಡುವವರು ಯಾರೂ ಇರಲಿಲ್ಲವಲ್ಲ.

ರಸ್ತೆಯಲ್ಲಿ ಮರದ ಕಂಪನಿಯ ಲೈಲ್ ಹೋಬರ್ಟ್ ಟ್ರಕ್ಕಿಗೊರಗಿ ಕಾಯುತ್ತಿದ್ದ. ನಿನ್ನ ಗೂಬೆಗೆ ಎರಡನೇ ಸಂಬಂಧ ಕುದುರಿತೇ ಎಂದು ಛೇಡಿಸಿದ. ವರ್ನಾ ನಗಲಿಲ್ಲ.

"ಇಲಿ ಹೊತ್ಕೊಂಡ್ ಹೋಯ್ತಾ?" ಎಂದ.

"ಹೋಯ್ತು."

ಲೈಲನ ಮುಖ ಇಳಿಯಿತು. ವರ್ನಾ ಅಲ್ಲಿಗೇ ಬಾಯಿ ಮುಚ್ಚಿದ್ದರೆ ಸಾಕಿತ್ತು, ಕಾಡು ಉಳಿಯುತ್ತಿತ್ತು. ಆದರೆ ಅವಳ ಇದೇ ಸಹಿಯನ್ನು ನಂಬಿ ಬೇರೆ ಹನ್ನೊಂದು ಕಾಡುಗಳು ನಿಂತಿದ್ದವು. ಒಂದು ಸುಳ್ಳು ಬಯಲಾದರೆ ಹನ್ನೊಂದೂ ಹೋಗುತ್ತವೆ.

"ಯಾರಿಗ್ ಕೊಡ್ತು?" ಎಂದ ಲೈಲ್.

"ನಂಗೆ," ಎಂದಳು ವರ್ನಾ. "ನನ್ನ ಸಿಳ್ಳೆ ಕೇಳಿ ನಂಗೇ ತಂದ್ಕೊಡ್ತು, ಲೈಲ್."

ಲೈಲ್ ಮತ್ತೆ ಛೇಡಿಸಲಿಲ್ಲ. ಟೋಪಿ ತೆಗೆದು, ಕಡಿಯುವವರನ್ನು ಸೋಮವಾರ ಕರೆಸುತ್ತೇನೆ ಎಂದಷ್ಟೇ ಹೇಳಿದ. ವರ್ನಾ ಬಾನೆಟ್ಟಿನ ಮೇಲೆ ಕಾಗದವಿಟ್ಟು 'ಒಂಟಿ' ಎಂದು ಬರೆದು ಸಹಿ ಹಾಕಿದಳು. ಕಾಡಿನೊಳಗಿಂದ ಗೂಬೆ ಕರೆಯಿತು. ಅವಳ ತುಟಿ ತಾನಾಗಿಯೇ ಸಿಳ್ಳೆಗೆ ಸಜ್ಜಾಯಿತು; ಕೈಯಿಂದ ಬಾಯಿ ಮುಚ್ಚಿಕೊಂಡಳು. ಅದು ಇನ್ನೊಮ್ಮೆ ಕರೆಯಿತು.